ಕೆಸರಿನ ಮೇಲೆ ನಿಂತ ಊರು: ಸಂಜೆ ಹೊತ್ತು ಆಮ್‌ಸ್ಟರ್‌ಡ್ಯಾಮ್ ಕಾಲುವೆಗಳ ದಡದಲ್ಲಿ

ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಬಂದವರ ಫೋಟೊಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕಿರಿದಾದ ಎತ್ತರದ ಮನೆಗಳ ಸಾಲು, ಮುಂದೆ ಕಾಲುವೆ, ಸೇತುವೆಯ ಕಂಬಿಗೆ ಒರಗಿಸಿದ ಸೈಕಲ್. ನೋಡಲು ಚಂದವೇ. ಆದರೆ ಈ ಮನೆಗಳು ಯಾಕಿಷ್ಟು ಕಿರಿದು? ಕೆಲವು ಯಾಕೆ ಮುಂದಕ್ಕೆ ಬಾಗಿವೆ, ಕೆಲವು ಪಕ್ಕಕ್ಕೆ ವಾಲಿವೆ? ನೆತ್ತಿಯಲ್ಲಿ ಕಬ್ಬಿಣದ ಕೊಕ್ಕೆ ಯಾಕೆ? ಎಷ್ಟು ಮಳೆ ಬಂದರೂ ನೀರು ಯಾಕೆ ರಸ್ತೆಗೆ ಹತ್ತುವುದಿಲ್ಲ? ಈ ಪ್ರಶ್ನೆಗಳನ್ನು ಕೆದಕುತ್ತಾ ಹೋದರೆ ಸಿಗುವ ಉತ್ತರ ಬಹುಪಾಲು ಒಂದೇ. ಈ ಊರಿನ ಕೆಳಗೆ ಗಟ್ಟಿ ನೆಲ ಇಲ್ಲ. ಇರುವುದು ಕೆಸರು, ಪೀಟ್ ಎಂಬ ಕೊಳೆತ ಗಿಡಗಳ ಮೆತ್ತನೆಯ ಮಣ್ಣು, ನೀರು. ಆ ನೀರನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟಿರುವುದರಿಂದಲೇ ಊರು ನಿಂತಿದೆ.

ಇದನ್ನು ಮ್ಯೂಸಿಯಂನಲ್ಲಿ ಓದಿ ತಿಳಿಯಬಹುದು. ಸಂಜೆ ನಡೆದು ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸೆಂಟ್ರಲ್ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಹೊರಟು, ಕಾಲುವೆಗಳ ಬಳಸು ಹಿಡಿದು, ಆಮ್ಸ್ಟೆಲ್ ನದಿಯ ದಡದಲ್ಲಿ ಮುಗಿಸಿದರೆ ಸುಮಾರು ನಾಲ್ಕೈದು ಕಿಲೋಮೀಟರ್. ನಿಂತು ನಿಂತು ನೋಡಿದರೆ ಎರಡು ತಾಸು ಹಿಡಿಯುತ್ತದೆ.

ಯಾವ ತಿಂಗಳಲ್ಲಿ ಹೋಗಬೇಕು ಅನ್ನುವುದು ಇಲ್ಲಿ ಸಣ್ಣ ವಿಷಯವಲ್ಲ. ಊರು ತುಂಬಾ ಉತ್ತರಕ್ಕಿದೆ. ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲು. ಬೇಸಿಗೆಯ ಸಂಜೆ ಹಿತವಾಗಿರುತ್ತದೆ, ನಿಜ. ಆದರೆ ದಡದುದ್ದಕ್ಕೂ ನೆಟ್ಟ ಎಲ್ಮ್ ಮರಗಳು ಎಲೆ ತುಂಬಿಕೊಂಡು ಮನೆಗಳ ಅರ್ಧ ಮುಖವನ್ನೇ ಮುಚ್ಚಿರುತ್ತವೆ. ದೋಣಿಗಳ ಗದ್ದಲವೂ ಜಾಸ್ತಿ. ನನ್ನ ಮಟ್ಟಿಗೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಸಂಜೆ ವಾಸಿ. ಚಳಿ ಇರುತ್ತದೆ, ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಟೋಪಿ ಇರುವ ಜಾಕೆಟ್ಟೇ ಗತಿ. ಆದರೆ ಅಂಗಡಿಗಳು ಆರಕ್ಕೆ ಬಾಗಿಲು ಹಾಕುತ್ತವೆ, ಡಚ್ಚರು ಅದೇ ಹೊತ್ತಿಗೆ ಊಟಕ್ಕೆ ಕೂರುತ್ತಾರೆ, ಕಾಲುವೆ ಬೀದಿಗಳು ಖಾಲಿಯಾಗುತ್ತವೆ. ಮರ ಬೋಳು, ಮನೆಯೊಳಗೆ ದೀಪ. ನೋಡಬೇಕಾದ್ದೆಲ್ಲ ಕಾಣುತ್ತದೆ.

ಮೊದಲು ಒಂದು ಕಲ್ಲು

ಸ್ಟೇಷನ್ನಿನಿಂದ ಹಾರ್ಲೆಮರ್‌ಸ್ಟ್ರಾಟ್ ಹಿಡಿದು ನಡೆದರೆ ಹತ್ತು ಹದಿನೈದು ನಿಮಿಷದಲ್ಲಿ ಒಂದು ಹಳೆಯ ತೂಬು ಸಿಗುತ್ತದೆ. ಏನ್‌ಹೋರ್ನ್‌ಸ್ಲೌಸ್ ಅಂತ ಹೆಸರು. ಜನ ಅದು ತೂಬು ಅಂತ ಗೊತ್ತೇ ಇಲ್ಲದೆ ಸೇತುವೆ ದಾಟಿದ ಹಾಗೆ ದಾಟಿ ಹೋಗುತ್ತಾರೆ. ಅದರ ಗೋಡೆಯಲ್ಲಿ ಬಿಳಿ ಅಮೃತಶಿಲೆಯ ಒಂದು ಕಲ್ಲಿದೆ, ಅದರಲ್ಲಿ ಅಡ್ಡಕ್ಕೆ ಕೊರೆದ ಒಂದು ಗೆರೆಯಿದೆ. ಯುರೋಪಿನ ಎಷ್ಟೋ ಬೆಟ್ಟಗಳ ಎತ್ತರದ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಈ ಥರದ ಗೆರೆಗೇ.

ಇದರ ಹಿಂದೆ ಇದ್ದವರು ಯೋಹಾನೆಸ್ ಹುಡ್ಡೆ. ಊರಿನ ಮೇಯರ್, ಜೊತೆಗೆ ಒಳ್ಳೆಯ ಗಣಿತಜ್ಞ. ಆಗ ಊರಿನ ಉತ್ತರಕ್ಕಿದ್ದ ಏ ಎಂಬ ಹಿನ್ನೀರಿಗೆ ಸಮುದ್ರದ ಉಬ್ಬರ ಇಳಿತ ನೇರವಾಗಿ ಬರುತ್ತಿತ್ತು. ಏರಿಗಳು ಎಷ್ಟು ಎತ್ತರ ಇರಬೇಕು, ತೂಬಿನ ಬಾಗಿಲು ಯಾವಾಗ ಹಾಕಬೇಕು ಅನ್ನುವುದಕ್ಕೆ ಎಲ್ಲರೂ ಒಪ್ಪುವ ಒಂದು ಅಳತೆ ಬೇಕಿತ್ತು. ಅದಕ್ಕೆ ಬೇಸಿಗೆಯ ಉಬ್ಬರದ ನೀರು ಸರಾಸರಿ ಎಲ್ಲಿಯವರೆಗೆ ಬರುತ್ತದೆ ಅಂತ ಅಳೆದು ಅದನ್ನು ಊರಿನ ಮಟ್ಟ ಎಂದರು. 1684ರಲ್ಲಿ ಎಂಟು ಕಲ್ಲುಗಳನ್ನು ತೂಬುಗಳ ಗೋಡೆಗೆ ಕೂರಿಸಿದರು. ಕಲ್ಲಿನ ಗೆರೆ ಆ ಮಟ್ಟಕ್ಕಿಂತ ಒಂಬತ್ತು ಅಡಿ ಐದು ಅಂಗುಲ ಮೇಲೆ, ಅಂದರೆ ಸುಮಾರು 2.67 ಮೀಟರ್ ಎತ್ತರದಲ್ಲಿದೆ. ಸಮುದ್ರದ ಏರಿ ಇಷ್ಟು ಎತ್ತರ ಇರಲೇಬೇಕು ಅಂತ ಅದರ ಅರ್ಥ. ಎಂಟರಲ್ಲಿ ಮೂಲ ಜಾಗದಲ್ಲೇ ಉಳಿದಿರುವುದು ಇದೊಂದೇ.

ಊರಿನ ಆ ಹಳೆಯ ಮಟ್ಟವೇ ಬೆಳೆದು ಎನ್‌ಎಪಿ, ಅಂದರೆ ಎತ್ತರ ಎಣಿಸುವ ಸೊನ್ನೆಯ ಮಟ್ಟ ಆಯಿತು. ನೆದರ್‌ಲ್ಯಾಂಡ್ಸ್ ಇಡೀ ದೇಶ ಇವತ್ತೂ ಎತ್ತರ ಅಳೆಯುವುದು ಅದರಿಂದಲೇ. ಅಕ್ಕಪಕ್ಕದ ಹಲವು ದೇಶಗಳ ಲೆಕ್ಕವೂ ಅದಕ್ಕೇ ಜೋಡಿಕೊಂಡಿದೆ. ಆಮ್‌ಸ್ಟರ್‌ಡ್ಯಾಮ್ ಕಾಲುವೆಗಳ ನೀರನ್ನು ಈ ಮಟ್ಟಕ್ಕಿಂತ 40 ಸೆಂಟಿಮೀಟರ್ ಕೆಳಗೆ ಇಡುತ್ತಾರೆ. ಮಳೆಯಾದರೂ ಅಷ್ಟೇ, ಬರ ಬಂದರೂ ಅಷ್ಟೇ. ಈ ನಲವತ್ತು ಸೆಂಟಿಮೀಟರ್ ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ನೀರಿನಲ್ಲಿದ್ದರೆ ಉಳಿಯುವ ಮರ

ಇಲ್ಲಿ ಸುಮ್ನೆ ಪಾಯ ತೋಡಿ ಗೋಡೆ ಎಬ್ಬಿಸಿದರೆ ಅದು ಮುಳುಗಿ ಹೋಗುತ್ತದೆ. ಗಟ್ಟಿ ಮರಳಿನ ಮೊದಲ ಪದರ ಸಿಗುವುದು ಸುಮಾರು ಹನ್ನೆರಡು ಮೀಟರ್ ಆಳದಲ್ಲಿ. ಅದಕ್ಕೇ ಪೈನ್, ಸ್ಪ್ರೂಸ್ ಮರದ ಕಂಬಗಳನ್ನು ಅಲ್ಲಿಯವರೆಗೆ ಬಡಿದು ಇಳಿಸಿ, ಅವುಗಳ ತಲೆಯ ಮೇಲೆ ಹಲಗೆ ಹಾಸಿ, ಅದರ ಮೇಲೆ ಇಟ್ಟಿಗೆ ಗೋಡೆ ಕಟ್ಟಿದರು. ಈಗಿನ ಭಾಷೆಯಲ್ಲಿ ಹೇಳಬೇಕೆಂದರೆ ಪೈಲಿಂಗ್. ಆಗ ಯಂತ್ರ ಇರಲಿಲ್ಲ. ಮೂವತ್ತು ನಲವತ್ತು ಜನ ಒಟ್ಟಿಗೆ ಹಗ್ಗ ಜಗ್ಗಿ ಒಂದು ಭಾರಿ ದಿಮ್ಮಿಯನ್ನು ಮೇಲೆತ್ತುತ್ತಿದ್ದರು, ಬಿಡುತ್ತಿದ್ದರು, ಮತ್ತೆ ಎತ್ತುತ್ತಿದ್ದರು. ಎಲ್ಲರ ಕೈ ಒಂದೇ ಸಲಕ್ಕೆ ಬೀಳಲಿ ಅಂತ ಒಬ್ಬ ಹಾಡು ಹೇಳುತ್ತಿದ್ದ, ಉಳಿದವರು ದನಿಗೂಡಿಸುತ್ತಿದ್ದರು. ಈಗ ಮೌನವಾಗಿ ನಿಂತಿರುವ ಒಂದೊಂದು ಮನೆಯ ಕೆಳಗೂ ಹಾಗೆ ಹಾಡಿ ಹಾಡಿ ಇಳಿಸಿದ ಕಂಬಗಳಿವೆ.

ಡ್ಯಾಮ್ ಚೌಕದಲ್ಲಿರುವ ಅರಮನೆಯನ್ನು 1648ರಲ್ಲಿ ಕಟ್ಟಲು ಶುರು ಮಾಡಿದ್ದು ನಗರಸಭೆಯ ಕಟ್ಟಡವಾಗಿ. ಅದರ ಕೆಳಗೆ 13,659 ಕಂಬಗಳಿವೆ. ಈ ಸಂಖ್ಯೆ ಇಲ್ಲಿನ ಶಾಲೆ ಮಕ್ಕಳಿಗೆ ಬಾಯಿಪಾಠ. ವರ್ಷದ ದಿನಗಳು 365, ಮುಂದೆ ಒಂದು, ಹಿಂದೆ ಒಂಬತ್ತು ಸೇರಿಸಿದರೆ ಆಯಿತು. 1889ರಲ್ಲಿ ತೆರೆದ ಸೆಂಟ್ರಲ್ ಸ್ಟೇಷನ್ ಕೂಡ ಮಣ್ಣು ಸುರಿದು ಮಾಡಿದ ದ್ವೀಪಗಳ ಮೇಲೆ, ಎಂಟು ಸಾವಿರಕ್ಕೂ ಹೆಚ್ಚು ಮರದ ಕಂಬಗಳ ಮೇಲೆ ನಿಂತಿದೆ.

ನೀರಿನಲ್ಲಿ ಮರ ಕೊಳೆಯುವುದಿಲ್ಲವೇ ಅಂತ ಕೇಳಬಹುದು. ಪೂರ್ತಿ ಮುಳುಗಿದ್ದರೆ ಬೇಗ ಕೊಳೆಯುವುದಿಲ್ಲ. ಮರ ತಿನ್ನುವ ಶಿಲೀಂಧ್ರಕ್ಕೆ ಗಾಳಿ ಬೇಕು, ನೀರಿನೊಳಗೆ ಅದು ಸಿಗುವುದಿಲ್ಲ. ನೀರಿನ ಮಟ್ಟ ಇಳಿದು ಕಂಬದ ತಲೆ ಗಾಳಿಗೆ ಬಿತ್ತೋ, ಕೊಳೆತು ಪುಡಿಯಾಗತೊಡಗುತ್ತದೆ. ಆದ್ದರಿಂದ ನೀರು ಏರಿದರೆ ನೆಲಮಾಳಿಗೆ ಮುಳುಗುತ್ತದೆ, ಇಳಿದರೆ ಪಾಯವೇ ಹೋಗುತ್ತದೆ. ಕಾಲುವೆಯ ನೀರು ಎಲ್ಲಿರಬೇಕು ಅನ್ನುವುದರಲ್ಲಿ ಇವರು ಅಷ್ಟು ಕಟ್ಟುನಿಟ್ಟಾಗಿರುವುದು ಇದಕ್ಕೇ. ನೀರಿನೊಳಗೂ ಕೆಲವು ಬ್ಯಾಕ್ಟೀರಿಯಾ ನಿಧಾನವಾಗಿ ಮರ ತಿನ್ನುತ್ತವೆ ಅನ್ನುವುದು ಈಚಿನ ತಲೆನೋವು. ಅಂಥ ಮನೆಗಳಲ್ಲಿ ಕೆಳಗಿನ ನೆಲ ಕಿತ್ತು, ಮನೆಯೊಳಗಿಂದಲೇ ಉಕ್ಕಿನ ಕೊಳವೆಗಳನ್ನು ತುಂಡು ತುಂಡಾಗಿ ಒತ್ತಿ ಇಳಿಸಿ, ಕಾಂಕ್ರೀಟ್ ತುಂಬಿ ಹೊಸ ಪಾಯ ಹಾಕುತ್ತಾರೆ. ಮನೆ ಕೊಳ್ಳುವವರು ಇಲ್ಲಿ ಅಡುಗೆಮನೆಗಿಂತ ಮೊದಲು ಪಾಯದ ವರದಿ ಕೇಳುತ್ತಾರೆ.

ಅರ್ಧಚಂದ್ರದ ಲೇಔಟ್

ತೂಬಿನಿಂದ ದಕ್ಷಿಣಕ್ಕೆ ತಿರುಗಿದರೆ ಬ್ರೌವರ್ಸ್‌ಗ್ರಾಖ್ಟ್. ಗ್ರಾಖ್ಟ್ ಅಂದರೆ ಕಾಲುವೆ. ಹಳೆಯ ಗೋದಾಮುಗಳ ಸಾಲು. ದೊಡ್ಡ ಮರದ ಕದಗಳು ಒಂದರ ಮೇಲೊಂದು ಐದಾರು ಮಹಡಿಯವರೆಗೆ ಇವೆ. ಈಗ ಎಲ್ಲವೂ ದುಬಾರಿ ಫ್ಲ್ಯಾಟು. ಮುಖ್ಯ ಕಾಲುವೆಗಳು ಇಲ್ಲಿಂದ ಒಂದೊಂದಾಗಿ ಎಡಕ್ಕೆ ಕವಲೊಡೆದು ಹಳೆಯ ಊರನ್ನು ಬಳಸಿಕೊಂಡು ಹೋಗುತ್ತವೆ. ತೀರಾ ಒಳಗಿನದು ಸಿಂಗೆಲ್, ಮಧ್ಯಯುಗದ ಕೋಟೆಯ ಕಂದಕ. ಆಮೇಲೆ ಹೇರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್. ಹೊರಗಿನಿಂದ ಒಳಕ್ಕೆ ಈ ಕ್ರಮ ಮರೆಯದಿರಲು ಡಚ್ಚರು ಹೇಳುವ ಒಂದು ವಾಕ್ಯವಿದೆ: ಪೀಟ್ ಕೋಪ್ಟ್ ಹೋಖ ಸ್ಖೂನನ್. ಪೀಟ್ ಎನ್ನುವವನು ಎತ್ತರದ ಶೂ ಕೊಳ್ಳುತ್ತಾನಂತೆ. ಪ, ಕ, ಹ, ಸ. ದಾರಿ ತಪ್ಪಿದಾಗ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಗುರುತು ಮನೆ ನಂಬರು. ಹೊರಗಿನ ಮೂರೂ ಕಾಲುವೆಗಳಲ್ಲಿ ಎಣಿಕೆ ಇದೇ ಬ್ರೌವರ್ಸ್‌ಗ್ರಾಖ್ಟ್ ತುದಿಯಿಂದ ಶುರು. ನಂಬರು ಏರುತ್ತಿದ್ದರೆ ನೀವು ಆಮ್ಸ್ಟೆಲ್ ಕಡೆಗೆ ಹೋಗುತ್ತಿದ್ದೀರಿ. ಊರೊಳಗಿನ ದಡ ಬೆಸ, ಹೊರಗಿನ ದಡ ಸಮ.

ಈ ಬಳಸು ತಾನಾಗಿ ಬೆಳೆದದ್ದಲ್ಲ, ಯೋಜನೆ ಹಾಕಿ ಮಾಡಿದ್ದು. 1613ರಲ್ಲಿ ಅಗೆಯಲು ಶುರು ಮಾಡಿ ಮೊದಲ ಹಂತದಲ್ಲಿ ಲೈಡ್ಸೆಗ್ರಾಖ್ಟ್‌ವರೆಗೆ ಬಂದು ನಿಲ್ಲಿಸಿದರು. 1660ರ ದಶಕದಲ್ಲಿ ಉಳಿದ ಭಾಗ ಕೈಗೆತ್ತಿಕೊಂಡು ಆಮ್ಸ್ಟೆಲ್ ದಾಟಿಸಿದರು. ಕಾಲುವೆಗೆ ಒಂದೇ ಕೆಲಸ ಇರಲಿಲ್ಲ. ಜೌಗಿನ ನೀರು ಬಸಿಯಬೇಕು, ದೋಣಿಯಲ್ಲಿ ಸರಕು ಮನೆ ಬಾಗಿಲಿಗೆ ಬರಬೇಕು, ಅಗೆದ ಮಣ್ಣಿನಿಂದ ಪಕ್ಕದ ಸೈಟು ಎತ್ತರವಾಗಬೇಕು. ಸೈಟು ಮಾರುವಾಗಲೇ ನಗರಸಭೆ ಷರತ್ತು ಹಾಕುತ್ತಿತ್ತು. ಹೇರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್‌ಗಳಲ್ಲಿ ಕಮ್ಮಾರಸಾಲೆಯಂಥ ಗದ್ದಲದ, ವಾಸನೆಯ ಕಸುಬು ನಡೆಸುವಂತಿಲ್ಲ. ಹಿತ್ತಲಿನ ತೋಟದಲ್ಲಿ ಮನೆ ಕಟ್ಟುವಂತಿಲ್ಲ. ರಸ್ತೆಯಿಂದ ಕಾಣದ ಆ ತೋಟಗಳು ಬಹುಪಾಲು ಇವತ್ತಿಗೂ ಹಾಗೇ ಇವೆ. 2010ರಲ್ಲಿ ಈ ಇಡೀ ಬಳಸು ಯುನೆಸ್ಕೊ ಪಟ್ಟಿ ಸೇರಿತು.

ಪ್ರಿನ್ಸೆನ್‌ಗ್ರಾಖ್ಟ್‌ನ ಆಚೆಗಿರುವ ಯೋರ್ಡಾನ್ ಕೂಲಿಕಾರರ, ಸಣ್ಣ ಕಸುಬಿನವರ ಬಡಾವಣೆ. ಅಲ್ಲಿ ಲೇಔಟಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೊಲಗಳ ನಡುವೆ ಇದ್ದ ನೀರಿನ ಕಾಲುಗಳನ್ನೇ ಬೀದಿ ಮಾಡಿಬಿಟ್ಟರು. ಅದಕ್ಕೇ ನಕ್ಷೆಯಲ್ಲಿ ಅಲ್ಲಿನ ಬೀದಿಗಳು ಮುಖ್ಯ ಕಾಲುವೆಗೆ ಓರೆಯಾಗಿ ಕಾಣುತ್ತವೆ. ಯಾರ ದುಡ್ಡು ಎಲ್ಲಿಯವರೆಗೆ ಇತ್ತು ಅನ್ನುವುದು ನೇರ ಗೆರೆ ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲೇ ಗೊತ್ತಾಗುತ್ತದೆ.

ಮನೆಯ ಮುಖ ಓದುವುದು

ಈಗ ಒಂದು ಮನೆಯ ಎದುರಿನ ದಡದಲ್ಲಿ ನಿಂತುಕೊಳ್ಳಿ. ಹತ್ತಿರದಿಂದ ಕತ್ತೆತ್ತಿ ನೋಡಿದರೆ ಏನೂ ಕಾಣುವುದಿಲ್ಲ, ನೀರಿನ ಆಚೆಯಿಂದಲೇ ನೋಡಬೇಕು.

ಅಗಲ ಮೊದಲು. ಒಂದು ಸೈಟು ಸಾಮಾನ್ಯವಾಗಿ ಮೂವತ್ತು ಅಡಿ. ಬೆಂಗಳೂರಿನ ಮೂವತ್ತು ನಲವತ್ತರ ಸೈಟು ಕಂಡವರಿಗೆ ಈ ಅಗಲ ಗೊತ್ತು. ಆದರೆ ಇಲ್ಲಿ ಉದ್ದ ತೋಟವೂ ಸೇರಿ ಹಿಂದಕ್ಕೆ ಐವತ್ತು ಮೀಟರ್ ಹತ್ತಿರ ಹೋಗುತ್ತದೆ. ಅಗಲಕ್ಕೆ ತೆರಿಗೆ ಇತ್ತು, ಅದಕ್ಕೇ ಕಿರಿದು ಅಂತ ಪ್ರತಿ ದೋಣಿಯ ಗೈಡೂ ಹೇಳುತ್ತಾನೆ. ನನಗೆ ಅದಕ್ಕಿಂತ ಸರಳ ಕಾರಣ ಸಾಕು ಅನ್ನಿಸುತ್ತದೆ. ಸರಕು ಬರುವುದು ನೀರಿನಿಂದ, ಹಾಗಾಗಿ ನೀರಿನ ಅಂಚು ಎಲ್ಲರಿಗೂ ಬೇಕು. ಅಂಚು ಇರುವುದು ಸ್ವಲ್ಪ, ಬೇಕಾದವರು ಬಹಳ. ದುಡ್ಡಿದ್ದವರು ಎರಡು ಸೈಟು ಸೇರಿಸಿ ಕಟ್ಟಿಸಿದರು. ಇಲ್ಲದವರು ಸಿಕ್ಕಿದಷ್ಟರಲ್ಲಿ ಎತ್ತರಕ್ಕೆ ಹೋದರು. ಔಡೆ ಹೋಖ್‌ಸ್ಟ್ರಾಟ್‌ನ 22ನೇ ನಂಬರಿನ ಮನೆಯ ಅಗಲ ಬರೀ ಎರಡು ಮೀಟರ್. ಒಬ್ಬರು ಎರಡೂ ಕೈ ಚಾಚಿ ನಿಂತರೆ ಹೆಚ್ಚುಕಡಿಮೆ ಮನೆ ಮುಗಿಯಿತು.

ಕಿರಿದಾದ ಮನೆಯಲ್ಲಿ ಮೆಟ್ಟಿಲೂ ಕಿರಿದು, ಹೆಚ್ಚುಕಡಿಮೆ ಏಣಿಯಷ್ಟೇ ಕಡಿದು. ಸೋಫಾ, ಮಂಚ, ಬೀರು ಅದರಲ್ಲಿ ಹತ್ತುವುದಿಲ್ಲ. ಅದಕ್ಕೆ ನೆತ್ತಿಯಲ್ಲಿ ಮುಂದಕ್ಕೆ ಚಾಚಿದ ತೊಲೆ, ಅದರ ತುದಿಗೆ ಕೊಕ್ಕೆ. ಕೊಕ್ಕೆಗೆ ರಾಟೆ ಸಿಕ್ಕಿಸಿ, ಹಗ್ಗ ಹಾಕಿ, ಕೆಳಗಿನಿಂದ ಜಗ್ಗಿ, ಸಾಮಾನನ್ನು ಕಿಟಕಿಯ ಮೂಲಕ ಒಳಗೆ ಎಳೆದುಕೊಳ್ಳುತ್ತಾರೆ. ಕಿಟಕಿಯ ಚೌಕಟ್ಟನ್ನೇ ಬಿಚ್ಚುವ ಹಾಗೆ ಮಾಡಿರುವ ಮನೆಗಳೂ ಇವೆ. ಹಿಂದೆ ಮೆಣಸು, ಕಾಫಿ, ಬಟ್ಟೆಯ ಮೂಟೆಗಳು ಅಟ್ಟಕ್ಕೆ ಏರಿದ್ದೂ ಹೀಗೇ. ಎಷ್ಟೋ ವ್ಯಾಪಾರಿಗಳಿಗೆ ಮನೆಯೇ ಗೋದಾಮು. ನೀರು ಬಂದರೆ ಹಾಳಾಗಬಾರದಲ್ವಾ, ಹಾಗಾಗಿ ಸರಕು ಮೇಲೆ, ಜನ ಕೆಳಗೆ.

ಮುಂದಕ್ಕೆ ಬಾಗಿರುವುದೂ ಈ ಕೊಕ್ಕೆಗೆ ಸಂಬಂಧಿಸಿದ್ದೇ. ಗೋಡೆ ನೆಟ್ಟಗಿದ್ದರೆ ಮೇಲೇರುವ ಮೂಟೆ ಗಾಜಿಗೆ ಬಡಿಯುತ್ತದೆ. ಸ್ವಲ್ಪ ಮುಂದಕ್ಕೆ ವಾಲಿಸಿ ಕಟ್ಟಿದರೆ ಬಡಿಯುವುದಿಲ್ಲ. ಮಳೆ ನೀರು ಗೋಡೆಯ ಮೇಲೆ ಇಳಿಯದೆ ಬೀದಿಗೆ ಬೀಳುತ್ತದೆ. ಮಹಡಿ ಮಹಡಿಗೆ ಮುಂದೆ ಚಾಚುತ್ತಿದ್ದ ಹಳೆಯ ಮರದ ಮನೆಗಳ ರೂಢಿಯೂ ಇದರಲ್ಲಿ ಸೇರಿದೆ. ಬೇಕಾಬಿಟ್ಟಿ ಬಾಗಿಸುವಂತಿರಲಿಲ್ಲ. ಎಷ್ಟು ಬಾಗಿಸಬಹುದು ಅನ್ನುವುದಕ್ಕೆ ನಗರದ ಕಟ್ಟಳೆ ಇತ್ತು.

ಆದರೆ ಎಲ್ಲ ವಾಲಿಕೆಯೂ ಬೇಕೆಂದೇ ಮಾಡಿದ್ದಲ್ಲ. ಗುರುತಿಸುವುದು ಸುಲಭ. ಮನೆ ಮುಂದಕ್ಕೆ ಬಾಗಿದ್ದು ಕಿಟಕಿಗಳ ಕೆಳಗಿನ ಗೆರೆ ನೆಟ್ಟಗಿದ್ದರೆ ಅದು ಮೇಸ್ತ್ರಿಯ ಕೆಲಸ. ಎಡಕ್ಕೋ ಬಲಕ್ಕೋ ವಾಲಿ ಕಿಟಕಿ ಚೌಕಟ್ಟೇ ಸೊಟ್ಟಗಾಗಿದ್ದರೆ ಅದು ಕೆಳಗಿನ ಕಂಬ ಕುಸಿದದ್ದು. ರಾತ್ರಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಒಳಗಿನ ದೀಪದಿಂದ ಕಿಟಕಿಗಳಷ್ಟೇ ಬೆಳಗಿ, ಗೋಡೆ ಕತ್ತಲಾಗಿ, ಹಗಲಲ್ಲಿ ಕಣ್ತಪ್ಪಿದ್ದ ಓರೆ ಗೆರೆಗಳು ಎದ್ದು ಬರುತ್ತವೆ. ಸಾಲು ಮನೆಗಳು ಒಂದಕ್ಕೊಂದು ಆನಿಕೊಂಡಿರುವುದರಿಂದ ಒಂದು ಕುಸಿದರೆ ಪಕ್ಕದ್ದಕ್ಕೂ ಕಷ್ಟ.

ನೆತ್ತಿಯ ಆಕಾರ ನೋಡಿ ಮನೆಯ ವಯಸ್ಸು ಅಂದಾಜು ಮಾಡಬಹುದು. ಮೆಟ್ಟಿಲು ಮೆಟ್ಟಿಲಾಗಿ ಏರಿದ್ದರೆ 17ನೇ ಶತಮಾನದ ಮೊದಲರ್ಧ. ನಡುವೆ ಕತ್ತಿನಂತೆ ಕಿರಿದಾಗಿ ಎದ್ದು ಎರಡೂ ಮಗ್ಗುಲಲ್ಲಿ ಕೆತ್ತನೆಯ ಕಲ್ಲು ಇದ್ದರೆ ಅದರ ನಂತರದ್ದು. ಈ ಬಗೆಯ ಮೊದಲನೆಯದು ಹೇರೆನ್‌ಗ್ರಾಖ್ಟ್ 168, ಫಿಲಿಪ್ಸ್ ಫಿಂಗ್‌ಬೋನ್ಸ್ ಎಂಬ ವಾಸ್ತುಶಿಲ್ಪಿ 1638ರಲ್ಲಿ ಕಟ್ಟಿದ್ದು. ಗಂಟೆಯ ಆಕಾರದ್ದು ಇನ್ನೂ ಆಮೇಲೆ ಬಂತು. ನೇರ ಪಟ್ಟಿಯಂಥ ಮೇಲಂಚು ಇದ್ದರೆ ಸಾಮಾನ್ಯವಾಗಿ 18, 19ನೇ ಶತಮಾನ. ಹಳೆಯ ಮನೆಗೆ ಹೊಸ ಮುಖ ಹಾಕಿಸಿಕೊಂಡವರೂ ಬೇಕಾದಷ್ಟು ಜನ ಇದ್ದರು, ಹಾಗಾಗಿ ಇದನ್ನೇ ನಂಬಿ ಪಂದ್ಯ ಕಟ್ಟಬೇಡಿ.

ಕಿಟಕಿಗಳು ಅಷ್ಟು ದೊಡ್ಡದಿರುವುದಕ್ಕೂ ಕೆಸರೇ ಒಂದು ಕಾರಣ. ಇಟ್ಟಿಗೆಗಿಂತ ಕಿಟಕಿ ಹಗುರ, ಕಂಬಗಳ ಮೇಲಿನ ಭಾರ ಕಮ್ಮಿ. ಉದ್ದನೆಯ ಮನೆಯೊಳಕ್ಕೆ ಬೆಳಕೂ ಬೇಕು. ಸಂಜೆಯಾದರೂ ಬಹಳ ಜನ ಪರದೆ ಎಳೆಯುವುದಿಲ್ಲ. ಬಚ್ಚಿಡುವಂಥದ್ದು ಏನೂ ಇಲ್ಲ ಅಂತ ತೋರಿಸುವ ಹಳೆಯ ಕ್ರೈಸ್ತ ಶಿಸ್ತು ಅಂತ ಕೆಲವರು ಹೇಳುತ್ತಾರೆ. ಚಳಿಗಾಲದ ಬೆಳಕು ಕಂಡವರಿಗೆ ಪರದೆ ಎಳೆಯಲು ಮನಸ್ಸು ಬಾರದಿದ್ದರೆ ಆಶ್ಚರ್ಯವಿಲ್ಲ ಅಂತ ನನಗನ್ನಿಸುತ್ತದೆ. ಒಳಗೆ ಚಿತ್ತಾರದ ಛಾವಣಿ, ಪುಸ್ತಕದ ಗೋಡೆ, ಊಟದ ಮೇಜಿನ ಮೇಲೆ ತಗ್ಗಿ ತೂಗುವ ದೀಪ ಕಾಣುತ್ತದೆ. ನಡೆಯುತ್ತಾ ಕಣ್ಣು ಹಾಯಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಿಂತು ನೋಡುವುದು, ಫೋಟೊ ತೆಗೆಯುವುದು ಬೇಡ.

ಹಿಂದಿನ ಮನೆ

ಉದ್ದನೆಯ ಮನೆಗೆ ನಡುವೆ ಬೆಳಕು ಬರುವುದಿಲ್ಲ. ಅದಕ್ಕೆ ಇಲ್ಲಿನವರು ಕಂಡುಕೊಂಡ ಉಪಾಯ ಎರಡು ಮನೆ. ಬೀದಿಗೆ ಒಂದು, ಹಿಂದೆ ಒಂದು. ನಡುವೆ ಸಣ್ಣ ಅಂಗಳ, ಎರಡನ್ನೂ ಸೇರಿಸುವ ಓಣಿ. ಬೀದಿಯಲ್ಲಿ ನಿಂತವರಿಗೆ ಹಿಂದಿನದು ಇದೆ ಅಂತಲೇ ಗೊತ್ತಾಗುವುದಿಲ್ಲ.

ಪ್ರಿನ್ಸೆನ್‌ಗ್ರಾಖ್ಟ್ 263ರ ಎದುರು ಬಂದಾಗ ಇದು ತಲೆಯಲ್ಲಿರಲಿ. ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ಕುಟುಂಬ ನಾಜಿಗಳಿಂದ ತಪ್ಪಿಸಿಕೊಳ್ಳಲು 1942ರ ಜುಲೈ 6ರಿಂದ 1944ರ ಆಗಸ್ಟ್ 4ರವರೆಗೆ ಅಡಗಿದ್ದು ಇಲ್ಲಿಯ ಹಿಂದಿನ ಮನೆಯಲ್ಲಿ. ಮುಂದಿನ ಮನೆಯಲ್ಲಿ ಅವಳ ತಂದೆಯ ಕಂಪನಿ ನಡೆಯುತ್ತಲೇ ಇತ್ತು. ನಡುವಿನ ಬಾಗಿಲಿಗೆ ಪುಸ್ತಕದ ಕಪಾಟು ಅಡ್ಡ ಇತ್ತು. ಎಂಟು ಜನ ಎರಡು ವರ್ಷ ಅಷ್ಟು ಜನಸಂದಣಿಯ ಜಾಗದಲ್ಲಿ ಇದ್ದದ್ದು ಹೇಗೆ ಅನ್ನುವುದಕ್ಕೆ ಸಹಾಯ ಮಾಡಿದವರ ಧೈರ್ಯದ ಜೊತೆ ಈ ಊರಿನ ಮನೆ ಕಟ್ಟುವ ಕ್ರಮವೂ ಒಂದು ಉತ್ತರ. ಎಂಟರಲ್ಲಿ ಬದುಕಿ ಮರಳಿದ್ದು ತಂದೆ ಒಟ್ಟೊ ಒಬ್ಬರೇ. ಪಕ್ಕದಲ್ಲೇ ಇರುವ ವೆಸ್ಟರ್‌ಕೆರ್ಕ್ ಚರ್ಚಿನ ಗೋಪುರ 1638ರಲ್ಲಿ ಮುಗಿದದ್ದು, ಸುಮಾರು 85 ಮೀಟರ್. ಕಾಲು ಗಂಟೆಗೊಮ್ಮೆ ಅದರ ಗಂಟೆಗಳು ನುಡಿಯುತ್ತವೆ. ಚಿತ್ರಕಾರ ರೆಂಬ್ರಾಂಟ್‌ನನ್ನು 1669ರಲ್ಲಿ ಮಣ್ಣು ಮಾಡಿದ್ದು ಇದೇ ಚರ್ಚಿನಲ್ಲಿ, ಬಾಡಿಗೆಯ ಗೋರಿಯಲ್ಲಿ. ಹಾಗಾಗಿ ಈಗ ಗುರುತಿಲ್ಲ. ಚರ್ಚಿನ ಹಿಂದೆ ಕೈಜರ್ಸ್‌ಗ್ರಾಖ್ಟ್ ಕಡೆ ಗುಲಾಬಿ ಗ್ರಾನೈಟಿನ ತ್ರಿಕೋನವೊಂದು ಮೆಟ್ಟಿಲಾಗಿ ನೀರಿಗೆ ಇಳಿದಿದೆ. ಸಲಿಂಗಿಗಳೆಂಬ ಕಾರಣಕ್ಕೆ ನಾಜಿಗಳಿಂದ ಹಿಂಸೆಗೆ ಗುರಿಯಾದವರ ನೆನಪಿಗೆ 1987ರಲ್ಲಿ ಮಾಡಿದ್ದು. ರಾತ್ರಿ ಅಲ್ಲಿ ಹೂ ಇಟ್ಟು ಹೋಗುವವರು ಸಿಗುತ್ತಾರೆ.

ದುಡ್ಡು ಎಲ್ಲಿಂದ ಬಂತು

ಹೇರೆನ್‌ಗ್ರಾಖ್ಟ್ ಹಿಡಿದು ದಕ್ಷಿಣಕ್ಕೆ ನಡೆದರೆ ಮನೆಗಳು ಅಗಲವಾಗುತ್ತಾ ಹೋಗುತ್ತವೆ. ಲೈಡ್ಸೆಸ್ಟ್ರಾಟ್ ದಾಟಿದ ಮೇಲೆ ಬರುವ ತಿರುವಿಗೆ ಚಿನ್ನದ ತಿರುವು ಅಂತಲೇ ಹೆಸರು. ಇಲ್ಲಿ ಎಲ್ಲವೂ ಜೋಡಿ ಸೈಟು. ಇಟ್ಟಿಗೆಯ ಬದಲು ಕಲ್ಲಿನ ಮುಖ, ಬಾಗಿಲಿಗೆ ಎರಡೂ ಕಡೆಯಿಂದ ಮೆಟ್ಟಿಲು, ಮೆಟ್ಟಿಲ ಕೆಳಗೆ ಆಳುಗಳಿಗೆ ಬೇರೆ ಬಾಗಿಲು.

ಇಷ್ಟೆಲ್ಲ ಕಟ್ಟಿದ ಹಣದಲ್ಲಿ ಬಾಲ್ಟಿಕ್ ಸಮುದ್ರದ ಧಾನ್ಯ, ಮರದ ವ್ಯಾಪಾರ ಬಹಳ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಪಾಲೂ ಇದೆ. ಆ ಕಂಪನಿಯ ದಾರಿ ನಮ್ಮ ಕರಾವಳಿಗೂ ಬಂದಿತ್ತು. 17ನೇ ಶತಮಾನದಲ್ಲಿ ಬಸ್ರೂರಿನಲ್ಲಿ ಡಚ್ಚರ ಕೋಠಿ ಇತ್ತು. ಕನ್ನಡ ಜಿಲ್ಲೆಗಳ ಮೆಣಸು, ಅಕ್ಕಿ ಅವರಿಗೆ ಬೇಕಿತ್ತು. ಇನ್ನೊಂದು ಪಾಲಿನ ಬಗ್ಗೆ ಊರು ಬಹಳ ಕಾಲ ಮಾತಾಡಲೇ ಇಲ್ಲ. ಹೇರೆನ್‌ಗ್ರಾಖ್ಟ್ 502 ಈಗ ಮೇಯರ್ ಅವರ ಅಧಿಕೃತ ನಿವಾಸ. ಅದನ್ನು 1670ರ ದಶಕದ ಆರಂಭದಲ್ಲಿ ಕಟ್ಟಿಸಿದ್ದು ಪೌಲುಸ್ ಖೋಡಿನ್. ಗುಲಾಮರನ್ನು ಸಾಗಿಸುತ್ತಿದ್ದ ವೆಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿದ್ದವನು. 2006ರಲ್ಲಿ ಮನೆಯ ಮುಂದೆ ಅದನ್ನು ಹೇಳುವ ಕಲ್ಲು ಹಾಕಿದರು. 2021ರ ಜುಲೈ 1ರಂದು ಮೇಯರ್ ಫೆಮ್ಕೆ ಹಾಲ್ಸೆಮಾ ಊರಿನ ಪರವಾಗಿ ಕ್ಷಮೆ ಕೇಳಿದರು. ಚಂದದ ಬಾಗಿಲುಗಳ ಫೋಟೊ ತೆಗೆಯುವವರು ಈ ಬಾಗಿಲ ಮುಂದೆ ಒಂದು ನಿಮಿಷ ಜಾಸ್ತಿ ನಿಲ್ಲುವುದು ಒಳ್ಳೆಯದು.

ಸ್ವಲ್ಪ ಮುಂದೆ ರೆಗುಲಿಯರ್ಸ್‌ಗ್ರಾಖ್ಟ್ ಸೇರುವ ಜಾಗ. ಅಲ್ಲಿಂದ ಏಳು ಸೇತುವೆ ಸಾಲಾಗಿ ಕಾಣುತ್ತವೆ ಅಂತ ಪ್ರಸಿದ್ಧಿ. ನಿಜ ಹೇಳಬೇಕೆಂದರೆ ಏಳನ್ನೂ ಎಣಿಸಲು ದೋಣಿಯೇ ವಾಸಿ. ದಡದಿಂದ ಕಾಣುವುದು ಒಂದರ ಹಿಂದೊಂದು ಗೂನು, ಕಮಾನಿನ ಅಂಚಿಗೆ ಪೋಣಿಸಿದ ದೀಪ, ನೀರಿನಲ್ಲಿ ಅದರ ನೆರಳು ಸೇರಿ ಆದ ಪೂರ್ತಿ ಉಂಗುರ. ಸೇತುವೆ ನಡುವೆ ಎತ್ತರ ಇರುವುದು ಅಂದಕ್ಕಲ್ಲ, ಕೆಳಗೆ ದೋಣಿ ಹಾಯಲಿ ಅಂತ. ಸಂಜೆ ಅಲ್ಲಿ ನಿಂತು ಮೈಮರೆಯುವ ಮೊದಲು ಹಿಂದೆ ನೋಡಿ. ಸೈಕಲ್‌ನವರು ಬೆಲ್ ಹೊಡೆಯುತ್ತಾರೆ, ಬ್ರೇಕ್ ಹಾಕುವುದಿಲ್ಲ. ಕೆಂಪು ಬಣ್ಣದ ದಾರಿ ಅವರದು. ಎಷ್ಟೋ ಕಡೆ ದಡಕ್ಕೆ ಕಂಬಿಯೇ ಇಲ್ಲ ಅನ್ನುವುದೂ ಕತ್ತಲಲ್ಲಿ ನೆನಪಿರಬೇಕು.

ಈ ಕಾಲುವೆಗಳು ಉಳಿದದ್ದು ತಾನಾಗಿ ಅಲ್ಲ. 19ನೇ ಶತಮಾನದಲ್ಲಿ ನಾತ, ರೋಗ, ಗಾಡಿಗಳ ಒತ್ತಡದ ನೆಪದಲ್ಲಿ ಹಲವನ್ನು ಮುಚ್ಚಿಹಾಕಿದರು. ಯೋರ್ಡಾನ್‌ನಲ್ಲಿ ಹೆಚ್ಚು ಅಗಲವಾದ ಬೀದಿ ಕಂಡರೆ ಅದು ಒಂದು ಕಾಲದ ಕಾಲುವೆ ಇರಬಹುದು. ರೋಜೆನ್‌ಗ್ರಾಖ್ಟ್ 1889ರಲ್ಲಿ ಹಾಗೆ ರಸ್ತೆಯಾಯಿತು. 1954ರಲ್ಲಿ ಪೊಲೀಸ್ ಮುಖ್ಯಸ್ಥ ಕಾಸ್ಯಾಖರ್ ಕಾರುಗಳಿಗೆ ಜಾಗ ಮಾಡಲು ಇನ್ನಷ್ಟು ಕಾಲುವೆ ಮುಚ್ಚೋಣ ಅಂದರು. ಜನ ಗಲಾಟೆ ಮಾಡಿದ್ದರಿಂದ ಅದು ಅಲ್ಲಿಗೇ ನಿಂತಿತು.

ರಾತ್ರಿ ಮುಚ್ಚುವ ಬಾಗಿಲು

ಹೇರೆನ್‌ಗ್ರಾಖ್ಟ್ ಆಮ್ಸ್ಟೆಲ್ ನದಿಗೆ ಸೇರುವಲ್ಲಿ ಬಲಕ್ಕೆ ತಿರುಗಿದರೆ ಮಾಖೆರೆ ಬ್ರುಖ್ ಎಂಬ ಬಿಳಿ ಮರದ ಎತ್ತುವ ಸೇತುವೆ. ಈಗಿರುವುದು 1934ರದ್ದು. ಎಲ್ಲರ ಕ್ಯಾಮೆರಾ ಅದರ ಕಡೆಗೇ. ಅದರಾಚೆ ಸ್ವಲ್ಪ ದೂರದಲ್ಲಿ ನದಿಗೆ ಅಡ್ಡಲಾಗಿ ಹಳೆಯ ಲಾಕ್ ಗೇಟುಗಳಿವೆ. ನನಗೆ ಸೇತುವೆಗಿಂತ ಅವು ಮುಖ್ಯ.

ಕಾಲುವೆಯ ನೀರು ನಿಂತಲ್ಲೇ ನಿಂತರೆ ನಾರುತ್ತದೆ. ಹಿಂದೆ ಸಮುದ್ರದ ಉಬ್ಬರ ಇಳಿತವನ್ನು ಬಳಸಿ ನೀರು ಬದಲಾಯಿಸುತ್ತಿದ್ದರು. 1872ರಲ್ಲಿ ಊರಿನ ಪೂರ್ವಕ್ಕೆ ಲಾಕ್ ಗೇಟು ಬಂತು, 1932ರಲ್ಲಿ ಉತ್ತರದ ದೊಡ್ಡ ಅಣೆಕಟ್ಟು ಕಟ್ಟಿ ಏ ಹಿನ್ನೀರಿನಾಚೆಗಿದ್ದ ಸಮುದ್ರದ ಕೊಲ್ಲಿಯನ್ನೇ ಸಿಹಿನೀರಿನ ಕೆರೆ ಮಾಡಿದರು. ಈಗ ಉಬ್ಬರವಿಲ್ಲ, ಪಂಪಿದೆ. ವಾರದಲ್ಲಿ ಕೆಲವು ರಾತ್ರಿ ದೋಣಿ ಸಂಚಾರ ಕಡಿಮೆಯಾದ ಮೇಲೆ ಊರಿನ ಹಲವು ಗೇಟುಗಳನ್ನು ಮುಚ್ಚುತ್ತಾರೆ. ಪೂರ್ವದ ಜೇಬರ್ಗ್ ಪಂಪ್‌ಹೌಸ್‌ನಿಂದ ಕೆರೆಯ ಹೊಸ ನೀರು ಒಳಗೆ ನುಗ್ಗುತ್ತದೆ. ಗೇಟು ಮುಚ್ಚಿರುವುದರಿಂದ ಅದು ಅಡ್ಡದಾರಿ ಹಿಡಿಯದೆ ಕಾಲುವೆಗಳನ್ನೆಲ್ಲ ಸುತ್ತಿ ಪಶ್ಚಿಮಕ್ಕೆ ಹೋಗುತ್ತದೆ. ಕೊನೆಗೆ ಏಮೌಡೆನ್‌ನಲ್ಲಿ ಸೆಕೆಂಡಿಗೆ 260 ಘನ ಮೀಟರ್‌ವರೆಗೆ ಎತ್ತಬಲ್ಲ ಪಂಪುಗಳು ಅದನ್ನು ಸಮುದ್ರಕ್ಕೆ ಬಿಡುತ್ತವೆ. ಕಾಲುವೆ ಮನೆಗಳ ಶೌಚಾಲಯದ ನೀರು ಕೂಡ 1980ರ ದಶಕದವರೆಗೂ ನೇರ ಕಾಲುವೆಗೇ ಬೀಳುತ್ತಿದ್ದದ್ದು ಇತ್ತು ಅಂದರೆ ಈ ತೊಳೆಯುವ ಕೆಲಸದ ಬೆಲೆ ತಿಳಿಯುತ್ತದೆ.

ಕಾಲುವೆಯ ಆಳ ಸುಮಾರು ಮೂರು ಮೀಟರ್. ಒಂದು ಮೀಟರ್ ಕೆಸರು, ಒಂದು ಮೀಟರ್ ಸೈಕಲ್, ಒಂದು ಮೀಟರ್ ನೀರು ಅಂತ ಊರಿನವರ ತಮಾಷೆ. ತಮಾಷೆಯಲ್ಲಿ ಪೂರ್ತಿ ಸುಳ್ಳಿಲ್ಲ. ವರ್ಷಕ್ಕೆ 12,000ದಿಂದ 15,000 ಸೈಕಲ್ ಮೇಲೆತ್ತುತ್ತಾರೆ. ಅದಕ್ಕೆಂದೇ ಕಬ್ಬಿಣದ ಪಂಜ ಇರುವ ದೋಣಿ ಇದೆ.

ಇಷ್ಟು ಶತಮಾನ ನೀರನ್ನು ಕಾದ ಊರಿಗೆ ಈಗ ತೊಂದರೆ ಕೊಡುತ್ತಿರುವುದು ರಸ್ತೆ. ದಡದ ಗೋಡೆಗಳೂ ಮರದ ಕಂಬಗಳ ಮೇಲೇ ನಿಂತಿವೆ. ಕುದುರೆ ಗಾಡಿಯ ಲೆಕ್ಕದಲ್ಲಿ ಕಟ್ಟಿದ್ದರ ಮೇಲೆ ಲಾರಿ ಓಡುತ್ತಿದೆ. 2020ರ ಸೆಪ್ಟೆಂಬರ್ 1ರಂದು ಖ್ರಿಮ್‌ಬರ್ಗ್‌ವಾಲ್‌ನಲ್ಲಿ ದಡದ ಒಂದು ಭಾಗ ರಸ್ತೆಯ ಸಮೇತ ಕಾಲುವೆಗೆ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ನಗರಸಭೆ ನೋಡಿಕೊಳ್ಳಬೇಕಾದ ಇಂಥ ಗೋಡೆ ಸುಮಾರು 200 ಕಿಲೋಮೀಟರ್ ಇದೆ. ಭಾರಿ ವಾಹನಗಳಿಗೆ ಮಿತಿ ಹಾಕಿದ್ದಾರೆ, ಕೆಲವೆಡೆ ಕಾರು ನಿಲ್ಲಿಸುವುದನ್ನು ತೆಗೆದಿದ್ದಾರೆ, ಅಲ್ಲಲ್ಲಿ ಉಕ್ಕಿನ ಹಲಗೆಗಳನ್ನು ನೀರಿಗೆ ಬಡಿದು ಗೋಡೆಗೆ ಆಸರೆ ಕೊಟ್ಟಿದ್ದಾರೆ. ಸರಿ ಮಾಡಿ ಮುಗಿಸಲು ದಶಕಗಳು ಬೇಕು. ನಿಮ್ಮ ದಾರಿಗೂ ಎಲ್ಲಾದರೂ ಬೇಲಿ ಅಡ್ಡ ಬಂದೇ ಬರುತ್ತದೆ. ಬಂದರೆ ಮುಂದಿನ ಸೇತುವೆ ದಾಟಿ ಆಚೆ ದಡ ಹಿಡಿಯಿರಿ. ನೋಡಬೇಕಾದ ಮನೆ ಅಲ್ಲಿಂದಲೇ ಚೆನ್ನಾಗಿ ಕಾಣುವುದು.